10 ಅಡಿಗೆ 12 ಅಡಿಯ ಕೈತೋಟ: ಯಾವ ತರಕಾರಿಯನ್ನು ಎಲ್ಲಿ, ಯಾವಾಗ ಬಿತ್ತಬೇಕು?

ಪ್ರಶ್ನೆ

ಕಳೆದ ಬಾರಿ ಮೂಲಂಗಿ, ಹುರುಳಿಕಾಯಿ, ಬೆಂಡೆ, ಕೊತ್ತಂಬರಿಗಳನ್ನು ಒಂದೇ ದಿನ ಬಿತ್ತಿದೆ. ಟೊಮೆಟೊ ಮತ್ತು ಬದನೆ ಸಸಿಗಳನ್ನೂ ಅಂದೇ ನೆಟ್ಟೆ. ಮೂಲಂಗಿಯೆಲ್ಲ ಒಟ್ಟಿಗೆ ಬಲಿತು, ಕಿತ್ತು ಮುಗಿಸುವಷ್ಟರಲ್ಲಿ ಅರ್ಧದಷ್ಟು ಬೆಂಡಾಗಿದ್ದವು. ಗೋಡೆಯ ಪಕ್ಕದ ಬೆಂಡೆ ಗಿಡಗಳು ಎತ್ತರಕ್ಕೆ ಹೋದವೇ ಹೊರತು ಹೆಚ್ಚು ಕಾಯಿ ಬಿಡಲಿಲ್ಲ. ಒಂದು ಮೂಲೆಯ ಟೊಮೆಟೊ ಗಿಡಗಳಂತೂ ಎಲೆ ಹಳದಿಯಾಗದೆ, ಹಸಿರಾಗಿದ್ದಂತೆಯೇ ಎರಡು ಮೂರು ದಿನಗಳಲ್ಲಿ ಬಾಡಿ ಸತ್ತವು. ಅಲ್ಲೇ ಉಳಿದಿರುವ ಬದನೆ ಗಿಡವೂ ನಿನ್ನೆಯಿಂದ ಜೋತುಬಿದ್ದಿದೆ. ಈಗ ಇವೇ ಬೀಜಗಳ ಜೊತೆಗೆ ಹರಿವೆ, ಕ್ಯಾರೆಟ್, ಸೌತೆಯ ಬೀಜಗಳೂ ಕೈಯಲ್ಲಿವೆ. ಈ ಸಲ ಕಾಗದದ ಮೇಲೆ ಯೋಜನೆ ಹಾಕಿಕೊಂಡೇ ಬಿತ್ತಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಬೇಕು?

ಮೊದಲ ಉತ್ತರ

ಬೀಜದ ಪೊಟ್ಟಣಗಳನ್ನು ಸದ್ಯಕ್ಕೆ ಬದಿಗಿಟ್ಟು ಒಂದು ದಿನ ಬಿಸಿಲನ್ನು ಗಮನಿಸಿ. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ನೆರಳಿನ ಅಂಚಿಗೆ ಒಂದೊಂದು ಕಡ್ಡಿ ಊರುತ್ತಾ ಹೋದರೆ, ಯಾವ ಜಾಗಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂಬುದು ನೆಲದ ಮೇಲೆಯೇ ಕಾಣಿಸುತ್ತದೆ. ಟೊಮೆಟೊ, ಬೆಂಡೆ, ಸೌತೆಯಂತಹ ಕಾಯಿಬೆಳೆಗಳಿಗೆ ದಿನಕ್ಕೆ 6ರಿಂದ 8 ಗಂಟೆಗಳ ನೇರ ಬಿಸಿಲು ಬೇಕು. ನಿಮ್ಮ ಬೆಂಡೆ ಸೊರಗಿದ್ದು ಗೋಡೆಯ ನೆರಳಿನಿಂದಲೇ ಇರಬೇಕು. ಆ ಜಾಗವನ್ನು ಕೊತ್ತಂಬರಿಗೆ ಕೊಡಿ. ಬಿಸಿಲಿನ ಝಳ ಹೆಚ್ಚಾದರೆ ಅದು ಬೇಗ ಹೂವಿಗೆ ಹೋಗುವುದರಿಂದ ಸ್ವಲ್ಪ ನೆರಳು ಅದಕ್ಕೆ ಒಳ್ಳೆಯದೇ. ಸೌತೆಯ ಚಪ್ಪರವನ್ನು ಅದರ ನೆರಳು ಬೇರೆ ಕಾಯಿಬೆಳೆಗಳ ಮೇಲೆ ಬೀಳದಂತೆ ಅಂಚಿನಲ್ಲಿ ಕಟ್ಟಿ.

ಎರಡನೆಯ ಉತ್ತರ

ಹರಿವೆ 25–30 ದಿನಗಳಲ್ಲಿ, ಮೂಲಂಗಿ 30–40 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ; ಟೊಮೆಟೊಗೆ ನಾಟಿಯಾದ ಮೇಲೆಯೇ 60–80 ದಿನ ಬೇಕು. ಆದ್ದರಿಂದ ಮೂಲಂಗಿಯನ್ನು ಕಂತಿನಲ್ಲಿ ಬಿತ್ತಿ: ಎರಡು ಅಡಿಯ ಒಂದೇ ಸಾಲು, ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಂದು ಸಾಲು. ಟೊಮೆಟೊ ಸಸಿಗಳ ನಡುವೆ ಬಿಡುವ ಎರಡಡಿ ಅಂತರ ಮೊದಲ ತಿಂಗಳು ಖಾಲಿಯೇ ಇರುತ್ತದೆ. ಅಲ್ಲಿ ಹರಿವೆ ಚೆಲ್ಲಿದರೆ ಗಿಡ ಹರಡಿಕೊಳ್ಳುವ ಮೊದಲೇ ಸೊಪ್ಪು ಕಿತ್ತಾಗಿರುತ್ತದೆ. ಕ್ಯಾರೆಟ್ ಬೀಜವನ್ನು ಮಾತ್ರ ಇರಬೇಕಾದ ಜಾಗದಲ್ಲೇ ಬಿತ್ತಬೇಕು. ಕಿತ್ತು ನೆಟ್ಟರೂ, ಮಣ್ಣಿನಲ್ಲಿ ಕಲ್ಲು ಅಥವಾ ಹಸಿ ಗೊಬ್ಬರ ಇದ್ದರೂ ಗೆಡ್ಡೆ ಕವಲೊಡೆಯುತ್ತದೆ.

ಮೂರನೆಯ ಉತ್ತರ

ನನಗೆ ಎಲ್ಲಕ್ಕಿಂತ ಆತಂಕವಾಗಿರುವುದು ಆ ಮೂಲೆಯ ಬಗ್ಗೆ. ಬಾಡುತ್ತಿರುವ ಬದನೆಯ ಕಾಂಡವನ್ನು ಬುಡದ ಹತ್ತಿರ ಓರೆಯಾಗಿ ಕತ್ತರಿಸಿ, ತಿಳಿನೀರಿರುವ ಗಾಜಿನ ಲೋಟದಲ್ಲಿ ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಅಲುಗಾಡದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಬಿಳಿ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಈ ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವಾದ್ದರಿಂದ ನಾಲ್ಕಕ್ಕೂ ತಗಲುತ್ತದೆ.

ಪ್ರಶ್ನೆ ಕೇಳಿದವರು

ಪರೀಕ್ಷಿಸಿದೆ. ಎರಡೇ ನಿಮಿಷದಲ್ಲಿ ಹೊಗೆಯಂತಹ ಬಿಳಿ ಎಳೆ ಲೋಟದ ತಳದವರೆಗೆ ಇಳಿಯಿತು. ಗಿಡವನ್ನು ಬೇರುಸಹಿತ ಕಿತ್ತು, ಗೊಬ್ಬರದ ಗುಂಡಿಗೆ ಹಾಕದೆ ಬೇರೆಯಾಗಿ ಇಟ್ಟಿದ್ದೇನೆ. ಆ ಮೂಲೆಗೆ ಇನ್ನು ಟೊಮೆಟೊ ಇಲ್ಲ; ಹೊಸ ಮಣ್ಣು ತುಂಬಿದ ಬಕೆಟ್‌ಗಳಲ್ಲಿ ನಾಲ್ಕು ಸಸಿ ಬೆಳೆಸುತ್ತೇನೆ. ಮೂಲೆಯಲ್ಲಿ ಬಿಸಿಲು ಚೆನ್ನಾಗಿರುವುದರಿಂದ ಬೆಂಡೆ ಹಾಕಬಹುದೇ?

ಮೂರನೆಯ ಉತ್ತರ ಬರೆದವರು

ಹಾಕಬಹುದು. ಕನಿಷ್ಠ ಮೂರು ವರ್ಷ ಅಲ್ಲಿಗೆ ಬದನೆ ಕುಟುಂಬದ ಯಾವ ಗಿಡವನ್ನೂ ತರಬೇಡಿ. ಆ ಮೂಲೆಯ ನೀರು ಬೇರೆ ಮಡಿಗಳಿಗೆ ಹರಿಯದಂತೆ ಸಣ್ಣ ಬದು ಕಟ್ಟಿ. ಅಲ್ಲಿ ಬಳಸಿದ ಕುರ್ಚಿಗೆಯನ್ನು ಮಣ್ಣು ಹೋಗುವಂತೆ ತೊಳೆದು ಒಣಗಿಸಿದ ಮೇಲಷ್ಟೇ ಬಕೆಟ್‌ಗಳ ಬಳಿಗೆ ಒಯ್ಯಿರಿ.