ಕೊಡಚಾದ್ರಿ ಮೇಲೆ ಗಾಳಿ ಹಾಯಿಸೋದು: ರನ್ ಸ್ಥಿರವಾಗ್ತಿಲ್ಲ, ಸಲಹೆ ಬೇಕು

ಪ್ರಶ್ನೆ (ಶಿವಮೊಗ್ಗ): ಮುಂಗಾರಿನ ಪಡುಗಾಳಿ ಕೊಡಚಾದ್ರಿ ಹತ್ತಿ ಇಳಿಯೋದನ್ನ ಓಪನ್‌ಫೋಮ್‌ನಲ್ಲಿ (ಗಾಳಿ-ನೀರಿನ ಹರಿವು ಲೆಕ್ಕ ಹಾಕೋ ತಂತ್ರಾಂಶ) ಮಾಡ್ತಿದ್ದೇನೆ. ಎಸ್‌ಆರ್‌ಟಿಎಂನ (ಬಾಹ್ಯಾಕಾಶದಿಂದ ರಾಡಾರ್‌ನಲ್ಲಿ ಅಳೆದ ನೆಲದೆತ್ತರ) 30 ಮೀಟರ್ ಅಂತರದ ನಕ್ಷೆ, ಗಾಳಿಯ ಸುಳಿ-ಕಲಕಾಟಕ್ಕೆ ಕೆ-ಎಪ್ಸಿಲಾನ್ ಮಾದರಿ, ಕಾಡಿಗೆ ಒರಟುತನ 1 ಮೀಟರ್. ಗಾಳಿ ಗುಡ್ಡ ಮುಟ್ಟೋ ಮೊದಲೇ ನೆಲದ ಹತ್ತಿರ ವೇಗ ಬದಲಾಗ್ತಿದೆ. ಕೆಲವು ಸಲ ಅಂಕಿಗಳು ಮಿತಿಮೀರಿ ರನ್ನೇ ಸಿಡಿಯುತ್ತೆ. ಎಲ್ಲಿ ತಪ್ಪಿದ್ದೇನೆ?

ಸಾಗರದಿಂದ: ಮೊದಲು ಗುಡ್ಡ ತೆಗೆದಿಟ್ಟು ಸಪಾಟು ನೆಲದ ಮೇಲೆ ಓಡಿಸಿ, ಮೆಶ್ (ಲೆಕ್ಕಕ್ಕೆ ಜಾಗವನ್ನ ಕೋಶಗಳಾಗಿ ಒಡೆದ ಬಲೆ) ಎತ್ತರ ಅದೇ ಇರಲಿ. ಒಳಗೆ ಬಿಟ್ಟ ಲಾಗ್ ಪ್ರೊಫೈಲ್ (ಎತ್ತರದ ಜೊತೆ ಲಾಗರಿದಮ್ ಲೆಕ್ಕದಲ್ಲಿ ಏರೋ ಗಾಳಿವೇಗ) ಆಚೆ ತುದಿಯಲ್ಲೂ ಹಾಗೇ ಸಿಗಬೇಕು. ಸಿಗದಿದ್ದರೆ ಕೈ ಇಡಬೇಕಾದ್ದು ವಾಲ್ ಫಂಕ್ಷನ್ (ನೆಲಕ್ಕಂಟಿದ ಕೋಶದ ಗಾಳಿಗೆ ಬಳಸೋ ಸೂತ್ರ) ಮೇಲೆ. ಮಾಮೂಲಿ ರಫ್ ವಾಲ್ ಫಂಕ್ಷನ್ ಕೇಳೋದು ಒರಟುತನಕ್ಕೆ ಸಮನಾದ ಮರಳುಕಣದ ಎತ್ತರ, ಹವಾಮಾನದವರು ಹೇಳೋ ಒರಟುತನ, ಅಂದರೆ ಝಡ್-ಸೊನ್ನೆ ಅಲ್ಲ. ಆ ಫಂಕ್ಷನ್‌ನ ಒರಟುತನದ ಸ್ಥಿರಾಂಕ 0.5 ಇದ್ದರೆ ಮೊದಲನೆಯದು ಎರಡನೆಯದರ ಸುಮಾರು 20 ಪಟ್ಟು. ನಿಮ್ಮ ಕಾಡಿಗೆ 20 ಮೀಟರ್ ಆಯ್ತು. ಮೊದಲ ಕೋಶದ ನಡುಬಿಂದು ಅದಕ್ಕಿಂತ ಮೇಲಿರಬೇಕು, ಅಲ್ಲಿಗೆ ಕೋಶವೇ 40 ಮೀಟರ್ ದಪ್ಪ! ನೆಲದ ಹತ್ತಿರದ ಗಾಳಿ ಇನ್ನೆಲ್ಲಿ ಸಿಗಬೇಕು? ಝಡ್-ಸೊನ್ನೆಯನ್ನೇ ನೇರ ತಗೊಳ್ಳೋ, ಹೆಸರಲ್ಲಿ ‘ಆಟ್ಮ್’ ಇರೋ ವಾಲ್ ಫಂಕ್ಷನ್ ಹಾಕಿ. ಮಾದರಿಯಲ್ಲಿ ಎಪ್ಸಿಲಾನ್‌ನ ಸಿಗ್ಮಾ ಅನ್ನೋ ಸ್ಥಿರಾಂಕ 1.3 ಇದ್ದರೆ 1.11 ಮಾಡಿ, ಲಾಗ್ ಪ್ರೊಫೈಲ್‌ನ ಕಾರ್ಮನ್ ಸ್ಥಿರಾಂಕ 0.4ಕ್ಕೆ ಹೊಂದೋದು ಅದು.

ತೀರ್ಥಹಳ್ಳಿಯಿಂದ: ಸಿಡಿಯೋದಕ್ಕೆ ಕಾರಣ ಬೇರೆ ಇರಬಹುದು. ನಕ್ಷೆಯನ್ನ ಡಿಗ್ರಿಯಿಂದ ಮೀಟರ್ ಲೆಕ್ಕದ ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿದ್ರಾ? ಗಾಳಿ ಒಳಬರೋ ಪಶ್ಚಿಮದಂಚಿನ ನೆಲವನ್ನ ಒಂದೇ ಮಟ್ಟಕ್ಕೆ ನಿಧಾನ ಇಳಿಸಿ. ಪೂರ್ವದಂಚನ್ನ ಆ ಮಟ್ಟಕ್ಕೆ ತರಬೇಡಿ. ಘಟ್ಟದ ಮೇಲಿನ ಸೀಮೆ ಎತ್ತರದಲ್ಲೇ ಇದೆ. ಇಳಿಸಿದರೆ ಇಲ್ಲದ ಇಳಿಜಾರು ಹುಟ್ಟಿ ಹೊರಬಾಗಿಲಲ್ಲಿ ಗಾಳಿ ಹಿಂದಕ್ಕೆ ನುಗ್ಗುತ್ತೆ. ಕೊಲ್ಲೂರು ಕಡೆಯ ಕಡಿದಾದ ಗೋಡೆಯಲ್ಲಿ ನೆಲಕ್ಕಂಟಿದ ತೆಳು ಕೋಶಗಳ ಲೇಯರ್ ಕುಸಿದಿರುತ್ತೆ, ಮೆಶ್ ಪರೀಕ್ಷಿಸೋ ಚೆಕ್‌ಮೆಶ್ ಓಡಿಸಿ ನೋಡಿ. ನಾನ್-ಆರ್ಥೊಗೊನಾಲಿಟಿ (ಕೋಶಗಳ ಓರೆತನ) 70 ಡಿಗ್ರಿ ದಾಟಿದ್ದರೆ ಅದನ್ನ ಸರಿದೂಗಿಸೋ ಕರೆಕ್ಟರ್ 2 ಕೊಡಿ. ಮೊದಲು ಅಪ್‌ವಿಂಡ್‌ (ಒರಟು, ಆದರೆ ಗಟ್ಟಿಯಾದ ಲೆಕ್ಕದ ವಿಧಾನ)ನಲ್ಲಿ ರನ್ ಸ್ಥಿರ ಮಾಡಿ, ಆಮೇಲೆ ಹೆಚ್ಚು ನಿಖರವಾದ ಲೀನಿಯರ್ ಅಪ್‌ವಿಂಡ್.

ಸಾಗರದಿಂದ: ಇನ್ನೊಂದು. ಎಸ್‌ಆರ್‌ಟಿಎಂ ರಾಡಾರ್ ದಟ್ಟ ಕಾನಿನಲ್ಲಿ ನೆಲದವರೆಗೆ ಇಳಿಯಲ್ಲ, ಬಹುಪಾಲು ಮರದ ತಲೆಯನ್ನೇ ಅಳೆದಿರುತ್ತೆ. ಕಾನು ಮುಗಿದು ಗದ್ದೆಯೋ ಹುಲ್ಲುಗಾವಲೋ ಶುರುವಾಗೋ ಕಡೆ ಇಲ್ಲದ ಮೆಟ್ಟಿಲು ಬರುತ್ತೆ. ಅದನ್ನ ಸವರದೆ ಬಿಟ್ಟರೆ ಮಾದರಿ ಅದನ್ನೂ ಗುಡ್ಡ ಅಂತಲೇ ತಿಳಿಯುತ್ತೆ.

ಕೊಪ್ಪದಿಂದ: ಶಿಖರದ ಮೇಲಿನ ವೇಗವರ್ಧನೆ ಈ ಮಾದರಿಯಲ್ಲಿ ಪರವಾಗಿಲ್ಲ, ಹಿಂಬದಿಯ ಸುಳಿಯನ್ನ ಮಾತ್ರ ನಂಬಬೇಡಿ. ಅದು ಬೇಕಿದ್ದರೆ ಎಲ್‌ಇಎಸ್ (ದೊಡ್ಡ ಸುಳಿಗಳನ್ನ ನೇರವಾಗೇ ಲೆಕ್ಕ ಹಾಕೋ ವಿಧಾನ), ಗಣಕದ ಖರ್ಚು ಹತ್ತಾರು ಪಟ್ಟು. ಕೊಡಚಾದ್ರಿ 1343 ಮೀಟರ್. ಅದಕ್ಕೆ ಕೈ ಹಾಕೋ ಮೊದಲು ಸ್ಕಾಟ್ಲೆಂಡಿನ 116 ಮೀಟರ್ ಎತ್ತರದ ಆಸ್ಕರ್ವೀನ್ ಗುಡ್ಡ ಓಡಿಸಿ. 1982–83ರ ಅಳತೆಗಳಿವೆ, ಒರಟುತನ 0.03. ತುದಿಯಲ್ಲಿ 10 ಮೀಟರ್ ಮೇಲೆ ವೇಗ ಸುಮಾರು 80 ಶೇಕಡಾ ಏರಬೇಕು.