ವಿಂಡೋಸ್ 10 ಇರುವ ಹಳೇ ಡೆಸ್ಕ್‌ಟಾಪ್, ಒಳಗೆ ಅಪ್ಪಯ್ಯನ ನುಡಿ ಫೈಲುಗಳು. ಏನು ಮಾಡಲಿ?

ಶಿರಸಿ_ಸುಮಾ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 2014ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಇದೆ. ನಾಲ್ಕನೇ ಜನರೇಶನ್ ಐ3, ಎಚ್81 ಬೋರ್ಡ್, 4 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮೊದಲು ವಿಂಡೋಸ್ 7 ಇತ್ತು, ಆಮೇಲೆ 10 ಹಾಕಿಸಿದೆವು. ಈಗ ಸಪೋರ್ಟ್ ಮುಗಿಯಿತು ಎಂದು ಪದೇ ಪದೇ ತೋರಿಸುತ್ತದೆ. ಆನ್ ಮಾಡಿ ಚಹಾ ಕುದಿಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಡೆಸ್ಕ್‌ಟಾಪ್ ಬಂದಿರುವುದಿಲ್ಲ. ಕರೆಂಟ್ ಹೋಗಿ ಬಂದರೆ ತಾರೀಖು 2014ಕ್ಕೆ ಓಡುತ್ತದೆ, ಆಗ ಒಂದು ವೆಬ್‌ಸೈಟೂ ತೆರೆಯುವುದಿಲ್ಲ.

ಇದನ್ನು ಜಾಸ್ತಿ ಬಳಸುವವರು ಅಪ್ಪಯ್ಯ. ತಾಳಮದ್ದಳೆ ಅರ್ಥ ಹೇಳುತ್ತಾರೆ. ಪ್ರಸಂಗಗಳ ಟಿಪ್ಪಣಿಯನ್ನೆಲ್ಲ ಎಷ್ಟೋ ವರ್ಷದಿಂದ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲೇ ಟೈಪ್ ಮಾಡಿ, ಎಚ್‌ಪಿ 1020 ಪ್ರಿಂಟರಿನಲ್ಲಿ ತೆಗೆದು ಕೂಟಕ್ಕೆ ಒಯ್ಯುತ್ತಾರೆ. ನನ್ನದು ಬ್ಯಾಂಕು, ಮಕ್ಕಳ ಶಾಲೆಯ ಕೆಲಸ, ಅಷ್ಟೇ.

ಇಲ್ಲಿನ ಅಂಗಡಿಯವರು ನೋಡಿ, "ಇದಕ್ಕೆ 11 ಬರಲ್ಲ, ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಎಂದರು. ಈಗ ಅಷ್ಟು ದುಡ್ಡಿಲ್ಲ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಬಹುದು ಎಂದು ಓದಿದೆ. ಅಪ್ಪಯ್ಯನ ಷರತ್ತು ಒಂದೇ: "ಕೀಲಿಮಣೆ ಮೇಲೆ ನನ್ನ ಬೆರಳು ಹೋಗುವ ಜಾಗ ಬದಲಾಗಬಾರದು." ದಾರಿ ಇದೆಯಾ?

ಬೆಂಗ್ಳೂರ್_ಬಿಟ್

ರೂಫಸ್ ಎಂಬ ಪ್ರೋಗ್ರಾಂನಲ್ಲಿ ವಿಂಡೋಸ್ ಕೂರಿಸುವ ಪೆನ್ ಡ್ರೈವ್ ಮಾಡುವಾಗ ಟಿಪಿಎಂ (ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ಆನ್ ಆಗುವಾಗಿನ ಭದ್ರತಾ ತಪಾಸಣೆ) ಬೇಡ ಎಂದು ಟಿಕ್ ಹಾಕಿ, ವಿಂಡೋಸ್ 11 ಕೂರಿಸಿ. ನಮ್ಮ ಮನೇಲಿ ಓಡ್ತಿದೆ. ಇಷ್ಟು ತಲೆ ಕೆಡಿಸಿಕೊಳ್ಳೋದೇನಿದೆ?

ಸಾಗರದ_ಸ್ಕ್ರೂಡ್ರೈವರ್

ಸುಮಾ ಮೇಡಂ, ಗುಜರಿಗೆ ಹಾಕಬೇಡಿ. ನಾನು ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಈ ಜಾತಿಯ ಪೆಟ್ಟಿಗೆಗಳು ಈಗಲೂ ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. ಹೆಚ್ಚಿನವುಗಳಲ್ಲಿ ಕೈಕೊಟ್ಟಿರುವುದು ಡಿಸ್ಕ್, ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ), ಇಲ್ಲವೇ ಬ್ಯಾಟರಿ. ಪ್ರೊಸೆಸರ್ ಕೆಟ್ಟು ಬರುವುದು ತೀರಾ ಅಪರೂಪ.

ತಾರೀಖಿನ ತಾಪತ್ರಯ ಎಲ್ಲಕ್ಕಿಂತ ಸುಲಭ. ಬೋರ್ಡ್ ಮೇಲೆ ನಾಣ್ಯದಂಥ ಬ್ಯಾಟರಿ ಇದೆ, ಸಿಆರ್2032. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಈಗ ಅದು ಮುಗಿದಿದೆ. ವೆಬ್‌ಸೈಟಿನ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. ನಿಮ್ಮ ಗಡಿಯಾರ 2014 ಎಂದು ಹೇಳಿದರೆ ಬ್ರೌಸರ್ ಅದನ್ನು ನಂಬುವುದಿಲ್ಲ, ಬಾಗಿಲು ಹಾಕುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲೂ ಈ ಬ್ಯಾಟರಿ ಸಿಗುತ್ತದೆ. ಪ್ಲಗ್ ಕಿತ್ತು, ಹಳೆಯದನ್ನು ತೆಗೆದು, ಪ್ಲಸ್ ಮೇಲೆ ಬರುವಂತೆ ಹೊಸದನ್ನು ಕೂರಿಸಿ.

ಈಗ ಡಿಸ್ಕ್. ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮುಂಚೆ ಅಪ್ಪಯ್ಯನ ಫೋಲ್ಡರನ್ನು ಎರಡು ಕಡೆ ಕಾಪಿ ಮಾಡಿ. ಒಂದು ಪೆನ್ ಡ್ರೈವ್, ಇನ್ನೊಂದು ಬೇರೆಯವರ ಕಂಪ್ಯೂಟರಾದರೂ ಸರಿ. ವಿಂಡೋಸ್ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಿ. ಇದನ್ನು ಜನ ಮರೆಯುತ್ತಾರೆ. ಫೈಲ್ ಇರುತ್ತದೆ, ಫಾಂಟ್ ಇರುವುದಿಲ್ಲ, ತೆರೆದರೆ ಪುಟದ ತುಂಬಾ ಇಂಗ್ಲಿಷ್ ಅಕ್ಷರಗಳ ಸಂತೆ. ಆಮೇಲೆ "ಸಾರ್, ವೈರಸ್ ಬಂದಿದೆ" ಎಂದು ನನ್ನ ಹತ್ತಿರ ಓಡಿ ಬರುತ್ತಾರೆ.

ಕಾಪಿ ಆದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಬಂದರೆ ಸದ್ಯಕ್ಕೆ ಪರವಾಗಿಲ್ಲ. ಹಳದಿ ಬಂದರೆ ಅದು ಹೊರಡಲು ಗಂಟುಮೂಟೆ ಕಟ್ಟಿದೆ ಎಂದು ತಿಳಿಯಿರಿ. ನೀಲಿಯೋ ಹಳದಿಯೋ, ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ವೇಗದ ಡಿಸ್ಕ್) ಅಂತೂ ಹಾಕಲೇಬೇಕು. ನಿಮ್ಮ ಚಹಾ ಕಥೆಗೆ ಅದೇ ಮದ್ದು. 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿ ಸಾಕು. ಅಂಗಡಿಯವರು ಎನ್‌ವಿಎಂಇ ಎಂಬ ಬೇರೆ ಜಾತಿಯ ಎಸ್‌ಎಸ್‌ಡಿ ತೋರಿಸಿದರೆ ಬೇಡ ಎನ್ನಿ. ನಿಮ್ಮ ಬೋರ್ಡಿಗೆ ಅದು ಹೊಂದುವುದಿಲ್ಲ. ಇನ್ನೊಂದು ಮಾತು: ಎಚ್81ರಲ್ಲಿ ಎರಡು ಸಾಟಾ ಪೋರ್ಟ್ 6 ಜಿಬಿಪಿಎಸ್, ಉಳಿದೆರಡು 3. ಬೋರ್ಡ್ ಮೇಲೆ ಪೋರ್ಟಿನ ಪಕ್ಕ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಹಲವು ಬೋರ್ಡ್‌ಗಳಲ್ಲಿ ಬಣ್ಣವೂ ಬೇರೆ. ಎಸ್‌ಎಸ್‌ಡಿಯನ್ನು 6ರದ್ದಕ್ಕೇ ಸಿಕ್ಕಿಸಿ.

ರ್ಯಾಮ್ ಇನ್ನೊಂದು 4 ಜಿಬಿ, ಡಿಡಿಆರ್3. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ರ್ಯಾಮ್ ಅಷ್ಟು ಬೇಗ ಸವೆಯುವ ವಸ್ತುವಲ್ಲ. ಹೊಸ ಕಂಪ್ಯೂಟರ್ ಕೊಳ್ಳಲು ಇದು ಕಾಲವೂ ಅಲ್ಲ ಬಿಡಿ. ಮೆಮೊರಿ ಚಿಪ್ಪೆಲ್ಲ ಎಐ ಡೇಟಾ ಸೆಂಟರ್‌ಗಳ ಕಡೆ ಹೋಗುತ್ತಿದೆ. 2025ರ ಕೊನೆಯಿಂದ ರ್ಯಾಮ್ ಬೆಲೆ ಏರಿದ್ದು ನಿಮಗೂ ಗೊತ್ತಿರಬಹುದು. ಮೈಕ್ರಾನ್ ಕಂಪನಿ 2025ರ ಡಿಸೆಂಬರಿನಲ್ಲಿ, ಮನೆಬಳಕೆಯವರಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಎಂದು ಹೇಳಿತು. ನಮ್ಮಂಥ ಸಣ್ಣ ಗಿರಾಕಿಗಳನ್ನು ಕೇಳುವವರಿಲ್ಲ.

@ಬೆಂಗ್ಳೂರ್_ಬಿಟ್, ನೀವು ಹೇಳಿದ್ದು ಸುಳ್ಳಲ್ಲ, ಕೂರುತ್ತದೆ. ಆದರೆ 11ಕ್ಕೆ ಅಧಿಕೃತವಾಗಿ ಇಂಟೆಲ್ ಎಂಟನೇ ಜನರೇಶನ್ ಮತ್ತು ಟಿಪಿಎಂ 2.0 ಬೇಕು. ಅದಿಲ್ಲದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿ ಸಲವೂ ಕೈಯಾರೆ ಕೂರಿಸಬೇಕಾಗುತ್ತದೆ. ನಿಮಗೆ ಅದು ಆಟ. ಶಿರಸಿಯಲ್ಲಿ ಕೂತ ಹಿರಿಯರೊಬ್ಬರು ನಾಳೆ ಬೆಳಗ್ಗೆ ಪ್ರಸಂಗ ಪ್ರಿಂಟ್ ತೆಗೆಯಬೇಕು. ಅವರ ಯಂತ್ರದ ಮೇಲೆ ನಾನಂತೂ ಈ ಆಟ ಆಡುವುದಿಲ್ಲ.

ಜಿಎಸ್‌ಟಿ_ಗಣಪ

ಒಂದು ಸೇರಿಸುತ್ತೇನೆ. ಸಪೋರ್ಟ್ ಅಕ್ಟೋಬರ್ 14, 2025ಕ್ಕೆ ಮುಗಿದಿದ್ದು ಹೌದು, ಆದರೆ ಇಎಸ್‌ಯು ಎಂಬ ಹೆಚ್ಚುವರಿ ಅವಧಿಗೆ ಸೇರಿಕೊಂಡರೆ ಅಕ್ಟೋಬರ್ 13, 2026ರವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಬರುತ್ತದೆ. 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಕೊಂಡಿ ಇರುವುದು ವಿಂಡೋಸ್ ಅಪ್‌ಡೇಟ್ ಪುಟದಲ್ಲೇ.

ನನ್ನದು ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಇವುಗಳ ಕೆಲಸ. ಅದಕ್ಕೆ ವಿಂಡೋಸ್ ಬಿಡಲು ಆಗುವುದಿಲ್ಲ. ನಿಮಗೆ ಆ ತಲೆನೋವಿಲ್ಲ, ಅದೃಷ್ಟವಂತರು.

ಮಂಡ್ಯದ_ಮಿಂಟ್

ಸುಮಾ ಅಕ್ಕಾ, ನಿಮ್ಮ ಅಪ್ಪನ ಷರತ್ತು ಲಿನಕ್ಸಿನಲ್ಲಿ ಆರಾಮಾಗಿ ಈಡೇರುತ್ತದೆ. ನುಡಿಯ ಕೀಲಿಮಣೆ ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ತಾನೇ? ಅದು ಇಲ್ಲಿಯೂ ಇದೆ. ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಆವೃತ್ತಿ ತಗೊಳ್ಳಿ, ಹಳೇ ಯಂತ್ರಕ್ಕೆ ಹಗುರ. 2029ರವರೆಗೆ ಅಪ್‌ಡೇಟ್ ಬರುತ್ತದೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಕನ್ನಡ ಟೈಪಿಂಗಿಗೆ ಬೇಕಾದ ಐಬಸ್-ಎಂ17ಎನ್ ಹುಡುಕಿ ಹಾಕಿ, ಐಬಸ್ ಸೆಟ್ಟಿಂಗಿನಲ್ಲಿ ಕನ್ನಡದ ಕೆಳಗೆ ಕೆಜಿಪಿ (ಅದೇ ವಿನ್ಯಾಸ) ಆರಿಸಿ. ಒತ್ತಕ್ಷರಕ್ಕೆ ಎಫ್ ಒತ್ತುವ ಅಭ್ಯಾಸವೂ ಹಾಗೇ ಇರುತ್ತದೆ.

ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟುಗಳೂ ಅಲ್ಲೇ ಸಿಗುತ್ತವೆ. ಪುಸ್ತಕದ ಅಕ್ಷರದ ರೂಢಿ ಇರುವವರಿಗೆ ಗುಬ್ಬಿ ಹಿಡಿಸುತ್ತದೆ. ವರ್ಡ್‌ನಂಥ ಉಚಿತ ತಂತ್ರಾಂಶ ಲಿಬ್ರೆ ಆಫೀಸಿನ ಭಾಷೆ ಸೆಟ್ಟಿಂಗಿನಲ್ಲಿ "ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್" ಟಿಕ್ ಮಾಡುವುದನ್ನು ಮರೀಬೇಡಿ. ಕನ್ನಡದ ಡೀಫಾಲ್ಟ್ ಫಾಂಟ್ ಹೊಂದಿಸುವ ಜಾಗ ಅದಾದ ಮೇಲೆಯೇ ಕಾಣುತ್ತದೆ. ಇದು ಗೊತ್ತಿಲ್ಲದೆ "ಲಿನಕ್ಸಲ್ಲಿ ಕನ್ನಡ ಸರಿ ಇಲ್ಲ" ಎಂದು ಬಯ್ಯುವವರು ಬೇಕಾದಷ್ಟು ಜನ ಇದ್ದಾರೆ.

ಶಿರಸಿ_ಸುಮಾ

ಎಲ್ಲರಿಗೂ ಧನ್ಯವಾದ. ಬ್ಯಾಟರಿ ಬದಲಾಯಿಸಿದೆ, ತಾರೀಖು ಈಗ ನಿಂತಿದೆ. ಡಿಸ್ಕ್ ಹಳದಿ ತೋರಿಸಿತು. "ರೀಅಲೊಕೇಟೆಡ್ ಸೆಕ್ಟರ್" ಮತ್ತು "ಕರೆಂಟ್ ಪೆಂಡಿಂಗ್ ಸೆಕ್ಟರ್" ಎರಡರ ಮುಂದೂ ಹಳದಿ ಚುಕ್ಕೆ. ಫೈಲುಗಳೆಲ್ಲ ಕಾಪಿ ಆಗಿವೆ.

ಪೆನ್ ಡ್ರೈವಿನಿಂದಲೇ ಮಿಂಟ್ ತೆರೆದು ಅಪ್ಪಯ್ಯನ ಕೈಗೆ ಕೊಟ್ಟೆ. ಕೆಜಿಪಿಯಲ್ಲಿ ಭೀಷ್ಮ ವಿಜಯದ ನಾಲ್ಕು ಸಾಲು ಹೊಡೆದು, "ಅಡ್ಡಿಲ್ಲ, ಬೆರಳು ಒಪ್ಪಿತು" ಎಂದರು. ಆಮೇಲೆ ಹಳೇ ಫೈಲ್ ತೆರೆದೆವು. ಸ್ಕ್ರೂಡ್ರೈವರ್ ಸಾರ್ ಹೇಳಿದ ಸಂತೆಯೇ ಬಂತು! ಅಪ್ಪಯ್ಯನ ಮುಖ ಸಣ್ಣಗಾಯಿತು. ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಾ? ಪ್ರಿಂಟರ್ ಕೂಡ ಮಿಂಟಿನಲ್ಲಿ ಕಾಣಿಸುತ್ತದೆ, ಆದರೆ ಹಾಳೆ ಬರುವುದಿಲ್ಲ. ಈ ಹಳದಿ ಡಿಸ್ಕನ್ನು ಹಾಗೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಬಿಡಬಹುದಾ?

ಸಾಗರದ_ಸ್ಕ್ರೂಡ್ರೈವರ್

ಕ್ಲೋನ್ ಬೇಡವೇ ಬೇಡ. ಪೆಂಡಿಂಗ್ ಸೆಕ್ಟರ್ ಎಂದರೆ ಡಿಸ್ಕಿಗೆ ಓದಲು ಆಗದೆ ಬಾಕಿ ಉಳಿದಿರುವ ಜಾಗ. ಕ್ಲೋನ್ ಪ್ರೋಗ್ರಾಂ ಅಲ್ಲಿಗೆ ಬಂದು ತಡವರಿಸುತ್ತದೆ. ಅದೇ ಜಾಗವನ್ನು ಮತ್ತೆ ಮತ್ತೆ ಓದಿಸಿ ಸಾಯುತ್ತಿರುವ ಡಿಸ್ಕನ್ನು ಇನ್ನಷ್ಟು ಬೇಗ ಕಳಿಸಿಕೊಡುತ್ತದೆ. ಅದೂ ಅಲ್ಲದೆ ಕ್ಲೋನ್‌ಜಿಲ್ಲಾದಂಥವು 500 ಜಿಬಿಯಿಂದ 256ಕ್ಕೆ ನೇರವಾಗಿ ಇಳಿಯಲು ಒಪ್ಪುವುದಿಲ್ಲ. ಎಸ್‌ಎಸ್‌ಡಿ ಹಾಕಿ, ಹೊಸದಾಗಿ ಮಿಂಟ್ ಕೂರಿಸಿ. ಕೂರಿಸುವಾಗ ಹಳೇ ಡಿಸ್ಕಿನ ಕೇಬಲ್ ಕಳಚಿಡಿ, ಕೈತಪ್ಪಿಯೂ ಅದನ್ನು ಒರೆಸುವ ಭಯ ಇರುವುದಿಲ್ಲ. ಆ ಡಿಸ್ಕನ್ನು ಒಂದು ಕವರಿನಲ್ಲಿ ಹಾಕಿ, ತಾರೀಖು ಬರೆದು ಕಪಾಟಿನಲ್ಲಿಡಿ.

ಫೈಲಿನ ವಿಷಯ. ಅಪ್ಪಯ್ಯನಿಗೆ ಹೇಳಿ, ಒಂದಕ್ಷರವೂ ಹೋಗಿಲ್ಲ. ಹಳೇ ನುಡಿ ಫಾಂಟ್ ಕೆಲಸ ಮಾಡುವ ರೀತಿ ಹೀಗಿದೆ: ಫೈಲಿನೊಳಗೆ ಇರುವುದು ಇಂಗ್ಲಿಷ್ ಮತ್ತು ಅದರ ಸುತ್ತಲಿನ ಚಿಹ್ನೆಗಳ ಸಂಕೇತ. ಫಾಂಟ್ ಆ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ತೋರಿಸುತ್ತದೆ. ಹಾಗಾಗಿ ಮೊದಲು ಮಾಡಬೇಕಾದ ಕೆಲಸ ತೀರಾ ಚಿಕ್ಕದು. ನೀವು ಎತ್ತಿಟ್ಟುಕೊಂಡ ನುಡಿ ಫಾಂಟುಗಳನ್ನು ಮಿಂಟಿನಲ್ಲಿ ಹೋಮ್ ಫೋಲ್ಡರಿನೊಳಗೆ ".ಫಾಂಟ್ಸ್" ಹೆಸರಿನ ಫೋಲ್ಡರ್ ಮಾಡಿ (ಹೆಸರು ಇಂಗ್ಲಿಷಿನಲ್ಲಿ, ಮುಂದೆ ಚುಕ್ಕೆ ಇರಲಿ) ಅದರೊಳಗೆ ಹಾಕಿ. ಲಿಬ್ರೆ ಆಫೀಸ್ ಮುಚ್ಚಿ ತೆರೆದರೆ ಹಳೇ ಫೈಲ್ ಕನ್ನಡದಲ್ಲೇ ಕಾಣುತ್ತದೆ, ಪ್ರಿಂಟೂ ಆಗುತ್ತದೆ. ಪುಟದ ಅಳತೆ ಅಲ್ಲೊಂದು ಇಲ್ಲೊಂದು ಕಡೆ ಸರಿದಿರಬಹುದು. ಮುಂದಿನ ಕೂಟಕ್ಕೆ ಇಷ್ಟು ಸಾಕು.

ಯೂನಿಕೋಡಿಗೆ (ಎಲ್ಲ ಕಂಪ್ಯೂಟರ್, ಫೋನುಗಳೂ ಓದುವ ಸಂಕೇತ ಪದ್ಧತಿ) ಬದಲಾಯಿಸುವುದನ್ನು ನಿಧಾನಕ್ಕೆ ಮಾಡಿ. ವಾಟ್ಸ್‌ಆ್ಯಪಿನಲ್ಲಿ ಕಳಿಸಬೇಕು, ಒಂದು ಪದ ಹುಡುಕಬೇಕು ಎಂದರೆ ಯೂನಿಕೋಡ್ ಬೇಕೇ ಬೇಕು. ಸಂಚಯ ಎಂಬ ಕನ್ನಡ ತಂಡದವರ ಪರಿವರ್ತಕ ಇದೆ, ಉಚಿತ. ನುಡಿ ಪಠ್ಯವನ್ನು ಅಲ್ಲಿ ಅಂಟಿಸಿದರೆ ಯೂನಿಕೋಡ್ ಬರುತ್ತದೆ. ದಪ್ಪಕ್ಷರ, ಕೋಷ್ಟಕ ಇವೆಲ್ಲ ಉಳಿಯುವುದಿಲ್ಲ, ಬರೀ ಪಠ್ಯ ಬರುತ್ತದೆ. ಮಧ್ಯೆ ಎಲ್ಲಾದರೂ ಇಂಗ್ಲಿಷ್ ಪದ ಇದ್ದರೆ ಅದನ್ನೂ ನುಡಿ ಸಂಕೇತ ಎಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ತಾಳಮದ್ದಳೆ ಟಿಪ್ಪಣಿಯಲ್ಲಿ ಇಂಗ್ಲಿಷಿಗೇನು ಕೆಲಸ, ಆ ಮಟ್ಟಿಗೆ ನೀವು ಬಚಾವ್. ಆದರೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ಜಾಗ ಅದಲು ಬದಲಾಗುವಾಗ ಎಡವಟ್ಟು ಆಗುವ ಸಂಭವ ಇರುತ್ತದೆ. ಕರ್ಣ, ಅರ್ಜುನ ಇಬ್ಬರೂ ಅರ್ಕಾವತ್ತಿನವರೇ, ಹಾಗಾಗಿ ನಿಮಗೆ ಸ್ವಲ್ಪ ಕೆಲಸ ಇದೆ. ಬದಲಾಯಿಸಿದ ಮೇಲೂ ಮೂಲ ಫೈಲ್ ಅಳಿಸಬೇಡಿ.

ಎಚ್‌ಪಿ 1020 ಪ್ರತಿ ಸಲ ಆನ್ ಆದಾಗ ತನ್ನ ಫರ್ಮ್‌ವೇರನ್ನು (ತನ್ನನ್ನು ನಡೆಸುವ ಒಳ ಪ್ರೋಗ್ರಾಂ) ಕಂಪ್ಯೂಟರಿನಿಂದ ತರಿಸಿಕೊಳ್ಳುವ ಪ್ರಿಂಟರ್. ಮಿಂಟಿನಲ್ಲಿ ಎಚ್‌ಪಿ ಪ್ರಿಂಟರುಗಳ ಡ್ರೈವರ್ ಎಚ್‌ಪಿಲಿಪ್ ಇದೆ, ಆದರೆ ಆ ಫರ್ಮ್‌ವೇರ್ ಬೇರೆ ಪ್ಲಗಿನ್‌ನಲ್ಲಿ ಬರುತ್ತದೆ. ಎಸ್‌ಎಸ್‌ಡಿಯಲ್ಲಿ ಮಿಂಟ್ ಕೂರಿಸಿದ ಮೇಲೆ, ಇಂಟರ್‌ನೆಟ್ ಇರುವಾಗ ಟರ್ಮಿನಲ್‌ನಲ್ಲಿ ಎಚ್‌ಪಿ-ಪ್ಲಗಿನ್ ಎಂದು ಇಂಗ್ಲಿಷಿನಲ್ಲಿ ಹೊಡೆದು ಎಂಟರ್ ಒತ್ತಿ, ಕೇಳಿದ್ದಕ್ಕೆ ಒಪ್ಪಿಗೆ ಕೊಡಿ. ಪ್ರಿಂಟರನ್ನು ಒಮ್ಮೆ ಆರಿಸಿ ಹಾಕಿ.

ಬೆಂಗ್ಳೂರ್_ಬಿಟ್

ಸರಿ ಸಾರ್, ಸೋತೆ. ಸುಮಾ ಅವರೇ, ಡಿಡಿಆರ್3 ರ್ಯಾಮ್ ಶಿರಸಿಯಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಬರುವ ಯಾರಿಗಾದರೂ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡ್‌ನಲ್ಲಿ ನೋಡಲು ಹೇಳಿ. ಹಳೇ ಕಡ್ಡಿಯನ್ನು ಕೈಯಲ್ಲೇ ಕೊಟ್ಟು ಕಳಿಸಿ. ಲ್ಯಾಪ್‌ಟಾಪಿನದ್ದು ಗಿಡ್ಡ ಇರುತ್ತದೆ, ನಿಮ್ಮ ಬೋರ್ಡಿಗೆ ಹಿಡಿಯುವುದಿಲ್ಲ. ಮುಖ್ಯ ಬೀದಿಗಿಂತ ಒಳಗಿನ ಸಣ್ಣ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಮಾಲು ಜಾಸ್ತಿ. ಅಲ್ಲೇ ಹಾಕಿ ತೋರಿಸಿ ಎಂದು ಕೇಳಬೇಕು, ನಾಚಿಕೆ ಬೇಡ.

ಶಿರಸಿ_ಸುಮಾ

ನುಡಿ ಫಾಂಟ್ ಹಾಕಿದೆ, ಟಿಪ್ಪಣಿಯೆಲ್ಲ ಕನ್ನಡದಲ್ಲಿ ಕಾಣಿಸಿತು. ಎಸ್‌ಎಸ್‌ಡಿ ಆರ್ಡರ್ ಮಾಡಿದ್ದೇನೆ. ಕೊನೆಯದೊಂದು ಪ್ರಶ್ನೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟಿನ ಅವಸ್ಥೆ ಹೇಳುವುದೇ ಬೇಡ. 600 ವಿಎ ಯುಪಿಎಸ್ ಇದೆ, ಕರೆಂಟ್ ಹೋದ ತಕ್ಷಣ ಅದೂ ಹೋಗುತ್ತದೆ. ಹೊಸದು ತರಬೇಕಾ?

ಸಾಗರದ_ಸ್ಕ್ರೂಡ್ರೈವರ್

ಬೇಡ. ಕೆಳಗಿನ ಸ್ಕ್ರೂ ಬಿಚ್ಚಿ ನೋಡಿ, ಒಳಗೆ ಒಂದು 12 ವೋಲ್ಟ್ 7 ಎಎಚ್ ಬ್ಯಾಟರಿ ಇರುತ್ತದೆ. ಬಹುಮಟ್ಟಿಗೆ ಸತ್ತಿರುವುದು ಅದೇ. ಅದೊಂದನ್ನೇ ತಂದು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ, ಅದು ಬಿಸಿಯಾಗುವಾಗ ಎಳೆಯುವ ಲೋಡು ಈ ಸಣ್ಣ ಯುಪಿಎಸ್ ತಡೆಯುವುದಿಲ್ಲ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಇಂಟರ್‌ನೆಟ್ ರೂಟರಿನ ಅಡಾಪ್ಟರನ್ನೂ, ಅದರಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಫೈಬರ್ ಇದ್ದರೂ ಅಡಾಪ್ಟರಿಗೆ ಬರುವ ಕರೆಂಟು ತಂತಿಯಲ್ಲೇ ತಾನೇ ಬರುವುದು. ಪ್ರತಿ ಜೂನ್‌ನಲ್ಲಿ ಸುಟ್ಟ ಲ್ಯಾನ್ ಪೋರ್ಟ್ ಹಿಡಿದುಕೊಂಡು ಬರುವವರು ನನಗೆ ಇದ್ದೇ ಇದ್ದಾರೆ.