ತುರ್ತು: ಚೆಸ್ ಗಡಿಯಾರದ ‘ಇನ್‌ಕ್ರಿಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಶಾಲೆಯಲ್ಲಿ ಮಕ್ಕಳ ಚೆಸ್ ಪಂದ್ಯ. ಡಿಜಿಟಲ್ ಗಡಿಯಾರ ಕೊಳ್ಳಲು ದುಡ್ಡಿಲ್ಲ. ಹಾಗಾಗಿ ಹಳೇ ಲ್ಯಾಪ್‌ಟಾಪ್‌ಗಳಿಗೆ ಗಡಿಯಾರದ ತಂತ್ರಾಂಶ ಹಾಕಿದ್ದೇವೆ. ನಡೆ ಇಟ್ಟು ಕೀಲಿ ಒತ್ತಿದರೆ ಎದುರಿನವರ ಹೊತ್ತು ಓಡಲು ಶುರು. ಪರದೆಯ ಪದಗಳನ್ನೆಲ್ಲ ಕನ್ನಡ ಮಾಡಿದೆ, ಮೂರು ಮಾತ್ರ ಕೈಕೊಟ್ಟಿವೆ: ಇನ್‌ಕ್ರಿಮೆಂಟ್ (ನಡೆಗಿಷ್ಟು ಅಂತ ಸೇರುವ ಸೆಕೆಂಡು), ಡಿಲೇ (ಹೊತ್ತು ಇಳಿಯುವ ಮೊದಲು ಗಡಿಯಾರ ನಿಲ್ಲುವ ಸೆಕೆಂಡು), ಫ್ಲ್ಯಾಗ್ (ಹೊತ್ತು ತೀರಿದ ಗುರುತು). ಸದ್ಯಕ್ಕೆ ‘ಹೆಚ್ಚುವರಿ ಸಮಯ’, ‘ವಿಳಂಬ’, ‘ಧ್ವಜ’ ಅಂತ ಇಟ್ಟಿದ್ದೇನೆ. ಒಬ್ಬ ಹುಡುಗ ಓದಿ, “ವಿಳಂಬ ಅಂದ್ರೆ ಲೇಟಾಗಿ ಬಂದವರಿಗೆ ಕಳೆಯೋ ಟೈಮಾ ಸಾರ್?” ಅಂದ. ನಾಳೆ ಸಂಜೆಯೊಳಗೆ ಬೇಕು.

ಉತ್ತರ 1

ಇನ್‌ಕ್ರಿಮೆಂಟ್‌ಗೆ ‘ಕೊಸರು’. ಸೊಪ್ಪು ಕೊಂಡ ಮೇಲೆ ನಾಲ್ಕು ಎಸಳು ಕೊತ್ತಂಬರಿ ಹಾಕಿಸಿಕೊಳ್ಳುತ್ತೇವಲ್ಲ, ಅದೇ. 5 ನಿಮಿಷದ ಆಟ, ನಡೆಗೆ 3 ಸೆಕೆಂಡು ಕೊಸರು. ವಿಳಂಬವನ್ನು ಮೊದಲು ಅಳಿಸಿ.

ಉತ್ತರ 2

ಕೊಸರು ತೆಲುಗಿನಿಂದ ಬಂದದ್ದು. ‘ಕೂಡಿಕೆ’ ಎನ್ನಿ. ಫ್ಲ್ಯಾಗ್‌ಗೆ ಹಳಗನ್ನಡದ ‘ಗುಡಿ’ ಇದೆ. ಧ್ವಜ ಸಂಸ್ಕೃತ, ಬಾವುಟವೂ ಹೊರಗಿನದೇ. ಮನೆಯಲ್ಲಿ ಇರುವಾಗ ಸಾಲ ಯಾಕೆ?

ಉತ್ತರ 1

ತೆಲುಗಲ್ಲಿ ಕೊಸರು, ತಮಿಳಲ್ಲಿ ಕೊಸುರು, ನಮ್ಮಲ್ಲೂ ಕೊಸರು. ಮೂರು ಮನೆಯಲ್ಲಿ ಓಡಾಡುವ ಪದದ ಪತ್ರ ಒಬ್ಬರ ಹೆಸರಿಗೇ ಹೇಗೆ ಬರೆದಿರಿ? ಪರದೆ ಮೇಲೆ ‘ಗುಡಿ ಬಿತ್ತು’ ಅಂತ ಬಂದರೆ ಮಕ್ಕಳು ಆಟ ಬಿಟ್ಟು ದೇವಸ್ಥಾನದ ಕಡೆ ಓಡುತ್ತಾರೆ.

ಉತ್ತರ 3

ಪಂದ್ಯಗಳಲ್ಲಿ ತೀರ್ಪುಗಾರನಾಗಿ ಕೂತವನು ನಾನು. ಮೊದಲು ಗಡಿಯಾರ ಏನು ಮಾಡುತ್ತದೆ ನೋಡಿ. ಹಿಂದೆ ಚೆಸ್ ವಿಶ್ವ ಚಾಂಪಿಯನ್ ಆಗಿದ್ದ ಬಾಬಿ ಫಿಷರ್ 1988ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಗಡಿಯಾರದಲ್ಲಿ ನಡೆಗಿಷ್ಟು ಸೆಕೆಂಡು ಸೇರುತ್ತದೆ, ಉಳಿದದ್ದು ನಿಮ್ಮದೇ. 3 ಸೆಕೆಂಡು ಸಿಗುವಾಗ 1 ಸೆಕೆಂಡಲ್ಲಿ ಆಡಿದರೆ 2 ಉಳಿತಾಯ. 1992ರಲ್ಲಿ ಹಳೇ ಎದುರಾಳಿ ಸ್ಪಾಸ್ಕಿ ಜೊತೆ ಆಡಿದಾಗ ಫಿಷರ್ ಅದನ್ನೇ ಬಳಸಿದ್ದು. ಚೀಲಕ್ಕೆ ಬಿದ್ದ ಮೇಲೆ ವಾಪಸ್ ಇಲ್ಲ, ಹಾಗಾಗಿ ಕೊಸರು ಸರಿ.

ಡಿಲೇ ಬೇರೆ. 3 ಸೆಕೆಂಡು ಗಡಿಯಾರ ಸುಮ್ನೆ ನಿಂತಿರುತ್ತದೆ, ಆಮೇಲೆ ಇಳಿಯುತ್ತದೆ. ಬೇಗ ಆಡಿದರೂ ಏನೂ ಜಮೆ ಆಗದು. ಗ್ರ್ಯಾಂಡ್‌ಮಾಸ್ಟರ್ ಡೇವಿಡ್ ಬ್ರಾನ್‌ಸ್ಟೈನ್ ಹೆಸರಿನ ಬಗೆಯಲ್ಲಿ ಕಳೆದದ್ದನ್ನು, 3 ಸೆಕೆಂಡಿನವರೆಗೆ ಮಾತ್ರ, ನಡೆಯಾದ ಮೇಲೆ ವಾಪಸ್ ಕೊಡುತ್ತದೆ, ಆದರೆ ಅಲ್ಲೂ ಇದ್ದದ್ದಕ್ಕಿಂತ ಜಾಸ್ತಿ ಆಗುವುದಿಲ್ಲ. ಇದಕ್ಕೆ ‘ಬಿಟ್ಟಿ ಸೆಕೆಂಡು’ ಅನ್ನಿ.

ಇನ್ನು ಫ್ಲ್ಯಾಗ್. ಹಳೇ ಗಡಿಯಾರದಲ್ಲಿ ನಿಮಿಷದ ಮುಳ್ಳು 12ರ ಹತ್ತಿರ ಬಂದಾಗ ಪುಟ್ಟ ತಗಡೊಂದನ್ನು ಎತ್ತಿ ಬೀಳಿಸುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಬೀಳಲು ಏನಿದೆ? ‘ಹೊತ್ತು ಮುಗಿಯಿತು’ ಸಾಕು.

ಮೇಷ್ಟ್ರೇ, ಇನ್ನೊಂದು. ನಡೆ ಇಟ್ಟ ಕೈಯಲ್ಲೇ ಕೀಲಿ ಒತ್ತಲು ಹೇಳಿ. ಒಂದು ಕೈ ಕೀಲಿಮಣೆ ಮೇಲೇ ಇಟ್ಟುಕೊಂಡು ಆಡುತ್ತಾರೆ.

ಉತ್ತರ 2

ಬಿಟ್ಟಿ ಎಂದರೆ ‘ವಿಷ್ಟಿ’. ಕೂಲಿ ಕೊಡದೆ ದುಡಿಸಿಕೊಳ್ಳುವುದು. ಮಕ್ಕಳ ಆಟಕ್ಕೆ ಈ ಪದವೇ? ಅದೂ ಸಂಸ್ಕೃತದ ತದ್ಭವ.

ಉತ್ತರ 1

ಚದುರಂಗ?

ಉತ್ತರ 2

ಅದು ನಮ್ಮ ನಾಲಿಗೆಗೆ ಹೊಂದಿಕೊಂಡಿದೆ.

ಉತ್ತರ 1

ಬಿಟ್ಟಿಗೆ ನಾಲಿಗೆ ಹೊರಳಲ್ವಾ? ಗಡಿಯಾರವೂ ಘಟಿಕೆಯ ಮನೆತನದ್ದೇ, ಅದನ್ನೂ ಕಿತ್ತು ಗೋಡೆಗೆ ಕೂಡಿಕೆ ನೇತುಹಾಕೋಣ.

ಉತ್ತರ 2

ಪದ ಕಟ್ಟುವುದು ತರಕಾರಿ ವ್ಯಾಪಾರವಲ್ಲ. ಮುಂದೆ ಬರೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ‘ಕೊಸರು’, ‘ಬಿಟ್ಟಿ ಸೆಕೆಂಡು’, ‘ಹೊತ್ತು ಮುಗಿಯಿತು’ ಹಾಕಿದೆ. ‘ಕೊಸರು 3’ ನೋಡಿದ ಮಕ್ಕಳು, “5 ಮಾಡಿ ಸಾರ್” ಅಂತ ಆಗಲೇ ಚೌಕಾಸಿಗೆ ಕೂತಿದ್ದಾರೆ.

ಉತ್ತರ 2

‘ಸೆಕೆಂಡು’ ಹಾಗೇ ಬಿಟ್ಟಿರಾ?